ಜಾಲಚಿತ್ರಗಳ ಕೆಲಸಕ್ಕೆ ಸುಲಭವಾದ ಸಲಕರಣೆ ಯಾವುದು?

ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳುವ ನಮ್ಮ ಪರಿಚಯದ ತರುಣರೊಬ್ಬರು ಕೆಲವು ತಿಂಗಳ ಹಿಂದೆ ಒಂದು ರಾತ್ರಿ, ಹೋಟೆಲಿನ ಬಾಗಿಲು ಹಾಕಿದ ಮೇಲೆ, ನಮ್ಮನ್ನು ಹುಡುಕಿಕೊಂಡು ಬಂದರು. ಮುಖ ಬಾಡಿತ್ತು. ಹೋಟೆಲಿನ ತಿಂಡಿಗಳ ಚಿತ್ರಗಳನ್ನು ಅಂದವಾಗಿ ಸಿದ್ಧಪಡಿಸಿ ಜಾಲಪುಟಕ್ಕೆ ಏರಿಸಬೇಕೆಂದೂ, ಚಿತ್ರಗಳ ಮೇಲೆ ತಿಂಡಿಯ ಹೆಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಬೇಕೆಂದೂ ಧಣಿಗಳು ಅವರಿಗೆ ಹೊಸದೊಂದು ಹೊಣೆಯನ್ನು ಒಪ್ಪಿಸಿದ್ದರು. ಕೆಲಸ ಚೆನ್ನಾಗಿ ಆದರೆ ಸಂಬಳದಲ್ಲಿ ಸ್ವಲ್ಪ ಏರಿಕೆಯ ಸೂಚನೆಯೂ ಇತ್ತು. ತರುಣರು ಉತ್ಸಾಹದಿಂದ, ಯಾರೋ ಗೆಳೆಯರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟ, ಬೀಗ ಮುರಿದ ಭಾರಿ ತಂತ್ರಾಂಶವೊಂದನ್ನು ಬಿಲ್ಲು ಬರೆಯುವ ಗಣಕಯಂತ್ರದಲ್ಲಿಯೇ ಹಾಕಿಬಿಟ್ಟರು. ಮರುದಿನದಿಂದ ಯಂತ್ರ ಹೇಳಿದ ಮಾತು ಕೇಳಲಿಲ್ಲ. ಎರಡು ದಿನ ಅದು ದುರಸ್ತಿಯ ಅಂಗಡಿಯಲ್ಲಿತ್ತು. ಹೋಟೆಲಿನಲ್ಲಿ ಬಿಲ್ಲುಗಳನ್ನು ಕೈಯಿಂದ ಬರೆಯಬೇಕಾಯಿತು. ಅಷ್ಟು ಪಾಡುಪಟ್ಟು ಅವರು ಮಾಡಿ ತೋರಿಸಿದ ಒಂದೇ ಒಂದು ಚಿತ್ರದಲ್ಲಿ ‘ಉಪ್ಪಿಟ್ಟು’ ಎಂಬುದು ‘ಉಪ್‌ಪಿಟ್‌ಟು’ ಎಂದು ಬಿಡಿಬಿಡಿಯಾಗಿ ಬಿದ್ದಿತ್ತು. “ಇದನ್ನು ಯಾರು ತಿನ್ನುತ್ತಾರೆ?” ಎಂದು ಧಣಿಗಳು ಕೇಳಿದರಂತೆ. ಕೆಲಸವನ್ನು ಹೊರಗಿನವರಿಗೆ ಕೊಡುವ ಮಾತೂ ಬಂದಿತ್ತು.

ಈ ಸಂಕಟ ಆ ತರುಣರೊಬ್ಬರದೇ ಅಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನಮ್ಮವರು ನಡೆಸುವ ಸಣ್ಣ ಹೋಟೆಲುಗಳಲ್ಲಿಯೂ ಕನ್ನಡ ಸಂಘಗಳಲ್ಲಿಯೂ ಇಂದು ಇಂಥ ಕೆಲಸ ಯಾರಾದರೊಬ್ಬರ ಪಾಲಿಗೆ ಬಂದೇ ಬರುತ್ತದೆ. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಸಂಜೆ ಸಂಘದ ಕಾರ್ಯದರ್ಶಿಗಳಾಗಿ ದುಡಿಯುವ ಬಂಧುಗಳು, ಯಕ್ಷಗಾನದ ಪ್ರಕಟನೆಯನ್ನೋ ವಾರ್ಷಿಕೋತ್ಸವದ ಕರೆಯೋಲೆಯನ್ನೋ ತಾವೇ ಬಿಡಿಸಿ ಎಲ್ಲರ ಮೊಬೈಲುಗಳಿಗೆ ಕಳುಹಿಸಬೇಕಾಗುತ್ತದೆ. ಇವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ಚಿತ್ರಗಳನ್ನು ತಿದ್ದಲು ಸುಲಭವಾದ ತಂತ್ರಾಂಶ ಯಾವುದು? ಉತ್ತರವಾಗಿ ಸಾಮಾನ್ಯವಾಗಿ ದೊರೆಯುವುದು, ಆ ಕ್ಷೇತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು. ಆದರೆ ನಾಲ್ಕು ಮಂದಿಗೆ ಉಪ್ಪಿಟ್ಟು ಮಾಡುವುದಕ್ಕೆ ಮದುವೆಮನೆಯ ಕಡಾಯಿಯನ್ನು ಒಲೆಗೇರಿಸುವವರುಂಟೆ?

ಆ ದೊಡ್ಡ ಹೆಸರನ್ನು ನಾವು ಹಗುರಾಗಿ ಕಾಣುವುದಿಲ್ಲ. ಫೋಟೋಶಾಪನ್ನು ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಇಬ್ಬರು ಅಮೆರಿಕನ್ ಸಹೋದರರು ರಚಿಸಿದರು; ಅಡೋಬಿ ಸಂಸ್ಥೆ ಅದನ್ನು ೧೯೯೦ರಲ್ಲಿ ಮಾರುಕಟ್ಟೆಗೆ ತಂದಿತು. ಅಚ್ಚುಮನೆ, ಜಾಹೀರಾತು, ಚಲನಚಿತ್ರ ಇವುಗಳಲ್ಲಿ ಅದರ ಸಾಮರ್ಥ್ಯ ನಿರ್ವಿವಾದವಾದುದು. ಆದರೆ ೨೦೧೩ರಿಂದ ಆ ಸಂಸ್ಥೆ ಅದರ ಹೊಸ ಆವೃತ್ತಿಗಳನ್ನು ಒಮ್ಮೆಗೇ ಮಾರುವುದನ್ನು ಬಿಟ್ಟು ಚಂದಾ ಪದ್ಧತಿಯನ್ನು ಹಿಡಿಯಿತು; ಅಂದರೆ ಬಾಡಿಗೆ ಕೊಡುವವರೆಗೆ ಮನೆ, ಕೊಡದಿದ್ದರೆ ಬೀದಿ. ಚಿತ್ರಕಾರ್ಯದಿಂದಲೇ ಜೀವನ ಸಾಗಿಸುವವರಿಗೆ ಇದು ನ್ಯಾಯವಾದ ಖರ್ಚೇ ಇರಬಹುದು. ತಿಂಗಳಿಗೆ ನಾಲ್ಕಾರು ಚಿತ್ರಗಳನ್ನು ಮಾಡುವ ನಮ್ಮ ಗಲ್ಲಾದ ತರುಣರಿಗೆ ಅಲ್ಲ. ಬೀಗ ಮುರಿದ ಪ್ರತಿಗಳ ವಿಷಯವಾಗಿ ಹೆಚ್ಚು ಹೇಳುವುದಿಲ್ಲ. ಅದು ಕಾನೂನಿಗೆ ವಿರುದ್ಧ. ಅದರೊಡನೆ ಮತ್ತೇನು ಒಳಗೆ ಬರುತ್ತದೆಂಬುದನ್ನು ಕೊಟ್ಟವರೂ ಅರಿಯರು. ಹೋಟೆಲಿನ ಲೆಕ್ಕಪತ್ರವಿರುವ ಯಂತ್ರದ ಮೇಲೆ ಅಂಥ ಪ್ರಯೋಗವನ್ನು ಮಾಡತಕ್ಕದ್ದೇ ಅಲ್ಲ.

ಆ ರಾತ್ರಿ ನಾವು ತರುಣರಿಗೆ ಮೊದಲು ಹೇಳಿದ್ದು, ಮಾಡಬೇಕಾದ ಕೆಲಸವೇನೆಂಬುದನ್ನು ಒಂದು ಕಾಗದದ ಮೇಲೆ ಬರೆಯಿರೆಂದು. ಬರೆದು ನೋಡಿದರೆ ಅದು ಬಹಳವೇನೂ ಆಗಲಿಲ್ಲ. ಚಿತ್ರದ ಅಂಚುಗಳನ್ನು ಕತ್ತರಿಸುವುದು, ವಾಲಿದ್ದರೆ ನೆಟ್ಟಗೆ ಮಾಡುವುದು, ಬೆಳಕನ್ನು ಸ್ವಲ್ಪ ಏರಿಸುವುದು, ಅಕ್ಷರಗಳನ್ನು ಇರಿಸುವುದು, ಗಾತ್ರವನ್ನು ಇಳಿಸುವುದು, ಜಾಲಪುಟಕ್ಕೆ ತಕ್ಕ ರೂಪದಲ್ಲಿ ಉಳಿಸುವುದು. ಇಷ್ಟೇ. ಇವುಗಳಲ್ಲಿ ಐದನ್ನು ಇಂದು ಉಚಿತವಾಗಿ ದೊರೆಯುವ ಯಾವ ಸಾಧಾರಣ ತಂತ್ರಾಂಶವಾದರೂ ಮಾಡಿಕೊಡುತ್ತದೆ. ಆರನೆಯದು, ಅಂದರೆ ಅಕ್ಷರಗಳ ಕೆಲಸ, ಇಂಗ್ಲಿಷಿನವರಿಗೆ ಪ್ರಶ್ನೆಯೇ ಅಲ್ಲ. ನಮಗೆ ಅದೇ ಮುಖ್ಯ ಪ್ರಶ್ನೆ.

ಅಕ್ಷರದ ಪರೀಕ್ಷೆ

ಕನ್ನಡದ ಅಕ್ಷರಗಳು ಇಂಗ್ಲಿಷಿನವುಗಳಂತೆ ಸಾಲಾಗಿ ಪಕ್ಕಪಕ್ಕದಲ್ಲಿ ನಿಲ್ಲುವವಲ್ಲ. ಒಂದರ ಕೆಳಗೊಂದು ಇಳಿಯುತ್ತವೆ, ಮಗ್ಗುಲಿಗೆ ಸರಿಯುತ್ತವೆ, ರೂಪವನ್ನೇ ಬದಲಾಯಿಸುತ್ತವೆ. ಗಣಕಯಂತ್ರವು ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ‘ಷ್ಟ್ರ’ ಎಂಬ ಒಂದು ಅಕ್ಷರವನ್ನು ಐದು ಸಂಕೇತಗಳನ್ನಾಗಿ ನೆನಪಿಟ್ಟುಕೊಳ್ಳುತ್ತದೆ: ಷಕಾರ, ವಿರಾಮಚಿಹ್ನೆ, ಟಕಾರ, ಮತ್ತೆ ವಿರಾಮಚಿಹ್ನೆ, ಕೊನೆಗೆ ರಕಾರ. ಈ ಐದನ್ನೂ ಕೂಡಿಸಿ ಕಣ್ಣಿಗೆ ಒಂದೇ ಅಕ್ಷರವಾಗಿ ತೋರಿಸುವ ಕೆಲಸ ತಂತ್ರಾಂಶದ ಒಳಗಿರುವ ಜೋಡಣೆಯ ಯಂತ್ರದ್ದು. ಹಿಂದೆ ಅಚ್ಚುಮನೆಯಲ್ಲಿ ಮೊಳೆ ಜೋಡಿಸುವವರು ಕೈಯಿಂದ ಮಾಡುತ್ತಿದ್ದುದನ್ನೇ ಅದು ಮಾಡುತ್ತದೆನ್ನಬಹುದು. ಆ ಯಂತ್ರವಿಲ್ಲದ ತಂತ್ರಾಂಶದಲ್ಲಿ ಒತ್ತಕ್ಷರಗಳು ಒಡೆದು, ‘ಉಪ್ಪಿಟ್ಟು’ ನಾವು ಮೇಲೆ ಕಂಡ ಅವಸ್ಥೆಗೆ ಬರುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡಕ್ಕೆ ಇದೇ ಗತಿಯಾಗುತ್ತಿತ್ತು. ದಕ್ಷಿಣ ಏಷ್ಯದ ಲಿಪಿಗಳ ಏರ್ಪಾಡು ಅದಕ್ಕೆ ಬಂದುದು ಬಹಳ ತಡವಾಗಿ. ತರುಣರ ಕೈಗೆ ಸಿಕ್ಕಿದ್ದು ಅಂಥದೇ ಒಂದು ಹಳೆಯ ಪ್ರತಿಯೆಂಬುದು ಆಮೇಲೆ ತಿಳಿಯಿತು.

ಆ ಕಾಲದಲ್ಲಿ ನಮ್ಮವರು ಈ ತೊಂದರೆಯಿಂದ ಪಾರಾಗಲು ಬೇರೊಂದು ದಾರಿ ಹಿಡಿದಿದ್ದರು. ನುಡಿ, ಬರಹ ಮೊದಲಾದವುಗಳ ಹಳೆಯ ಬಗೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಯಂತ್ರಕ್ಕೆ ಅದು ಇಂಗ್ಲಿಷ್, ಕಣ್ಣಿಗೆ ಮಾತ್ರ ಕನ್ನಡ. ಚಿತ್ರದ ಮೇಲೆ ಅಂಥ ಅಕ್ಷರಗಳು ಅಂದವಾಗಿಯೇ ಬರುತ್ತವೆ. ಇಂದಿಗೂ ಹಲವು ಅಚ್ಚುಮನೆಗಳು ಅವನ್ನು ಬಳಸುತ್ತಿವೆ. ಆದರೆ ಅದೇ ಪಠ್ಯವನ್ನು ತೆಗೆದು ಜಾಲಪುಟದಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಂತೆಯಾಗುತ್ತದೆ. ಹೊಸದಾಗಿ ಕಲಿಯುವವರು ಯೂನಿಕೋಡಿನಲ್ಲಿಯೇ ಬರೆಯುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ವಿಂಡೋಸಿನಲ್ಲಿಯೇ ಕನ್ನಡದ ಕೀಲಿಮಣೆಯೂ ‘ತುಂಗಾ’ ಎಂಬ ಫಾಂಟೂ ಉಂಟು. ಗೂಗಲ್ಲಿನ ನೋಟೋ ಕನ್ನಡ ಫಾಂಟುಗಳು ಉಚಿತ. ತಲೆಬರಹಕ್ಕೆ ದಪ್ಪನೆಯ ಅಕ್ಷರ ಬೇಕೆನ್ನುವವರಿಗೆ ‘ಬಲೂ ತಮ್ಮ’ ಎಂಬ ಫಾಂಟು ಇದೆ, ಅದೂ ಉಚಿತವೇ. ಅದನ್ನು ರೂಪಿಸಿದ ‘ಏಕ್ ಟೈಪ್’ ಸಂಸ್ಥೆ ನಮ್ಮ ಮುಂಬಯಿಯದೇ ಎಂಬುದು ಅನೇಕರಿಗೆ ತಿಳಿಯದು.

ಹಾಗಾದರೆ ಹಣ ಕೊಡುವ ಮೊದಲು, ಇಲ್ಲವೇ ಕಾಲ ವ್ಯಯಿಸುವ ಮೊದಲು, ಯಾವ ತಂತ್ರಾಂಶವನ್ನಾದರೂ ಪರೀಕ್ಷಿಸುವುದು ಹೇಗೆ? ನಾವು ಮಾಡುವುದು ಹೀಗೆ. ತಂತ್ರಾಂಶವನ್ನು ತೆರೆದು ಅದರಲ್ಲಿ ಒಂದು ಸಾಲು ಬರೆಯುತ್ತೇವೆ: ‘ಮಹಾರಾಷ್ಟ್ರ, ಉಪ್ಪಿಟ್ಟು, ಅರ್ಧ ಪ್ಲೇಟು, ಕೃಷ್ಣ, ಕ್ಷೀರ’. ಮೊದಲನೆಯ ಮಾತಿನಲ್ಲಿ ಮೂರು ವ್ಯಂಜನಗಳ ಕೂಟವುಂಟು, ‘ಅರ್ಧ’ದಲ್ಲಿ ಅರ್ಕಾವತ್ತು ಧಕಾರದ ಬಲಕ್ಕೆ ಬಂದು ನಿಲ್ಲಬೇಕು, ‘ಕೃ’ ಎಂಬಲ್ಲಿ ಸುಳಿ ಕೆಳಗೆ ಸರಿಯಾಗಿ ಅಂಟಿಕೊಳ್ಳಬೇಕು. ಇಷ್ಟೂ ನೆಟ್ಟಗಿದ್ದರೆ ಮುಂದಿನ ಮಾತು. ಒಂದು ಕಡೆ ತಪ್ಪಿದರೂ ಆ ತಂತ್ರಾಂಶ ಎಷ್ಟೇ ಪ್ರಸಿದ್ಧವಾಗಿರಲಿ, ನಮ್ಮ ಕೆಲಸಕ್ಕೆ ಅದು ಸುಲಭವಾದುದಲ್ಲ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಚಂದಾ ಕಟ್ಟಿದವರು ನಮ್ಮ ಪರಿಚಯದಲ್ಲಿಯೇ ಇದ್ದಾರೆ. ಮರಾಠಿಯೂ ಬೇಕಾಗಿದ್ದರೆ ಅದೇ ಸಾಲಿನ ಕೊನೆಯಲ್ಲಿ ನಾಗರಿ ಲಿಪಿಯ ಒಂದೆರಡು ಮಾತುಗಳನ್ನೂ ಸೇರಿಸಿ ನೋಡತಕ್ಕದ್ದು.

ಅಕ್ಷರವನ್ನು ಇರಿಸುವಾಗ ಇನ್ನೂ ಒಂದು ಎಚ್ಚರ ಬೇಕು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿಳಿದು, ಕೆಳಗಿನ ಸಾಲಿನ ಗುಣಿತದ ಕೊಂಬುಗಳಿಗೆ ತಾಗಿ, ಎರಡೂ ಓದಲಾರದಂತಾಗುತ್ತವೆ. ಅಂತರವನ್ನು ಧಾರಾಳವಾಗಿ ಬಿಡಬೇಕು. ಚಿತ್ರವನ್ನು ಮೊಬೈಲಿನ ಗಾತ್ರಕ್ಕೆ ಇಳಿಸಿ, ಕೈ ನೀಡಿದಷ್ಟು ದೂರದಲ್ಲಿ ಹಿಡಿದು ಓದಿ ನೋಡಬೇಕು. ಯಕ್ಷಗಾನದ ಪ್ರಕಟನೆಯಲ್ಲಿ ಭಾಗವತರಿಂದ ಹಿಡಿದು ಚಂಡೆಯವರ ತನಕ ಎಲ್ಲರ ಹೆಸರುಗಳನ್ನೂ ತುಂಬಿ, ಕೊನೆಗೆ ಸಭಾಗೃಹದ ವಿಳಾಸವೇ ಕಾಣದಂತೆ ಮಾಡುವ ಪದ್ಧತಿ ನಮ್ಮ ಸಂಘಗಳಲ್ಲಿ ಸರ್ವೇಸಾಮಾನ್ಯವಾಗಿದೆ. ಹೆಸರು ಬಿಟ್ಟುಹೋದವರು ಮುನಿಯುತ್ತಾರೆಂಬುದು ನಿಜ. ವಿಳಾಸ ಕಾಣದವರು ಬರುವುದೇ ಇಲ್ಲ.

ಕೈಗೆಟುಕುವ ಕೆಲವು ತಂತ್ರಾಂಶಗಳು

ವಿಂಡೋಸ್ ಯಂತ್ರಗಳಲ್ಲಿ ಮೊದಲಿನಿಂದಲೇ ಇರುವ ಪೇಂಟನ್ನು ಮಕ್ಕಳ ಆಟಿಕೆಯೆಂದು ತಳ್ಳಿಹಾಕುವವರು ಬಹಳ. ೧೯೮೫ರ ಮೊತ್ತಮೊದಲನೆಯ ವಿಂಡೋಸಿನೊಡನೆಯೇ ಬಂದ ಈ ತಂತ್ರಾಂಶಕ್ಕೆ ೨೦೨೩ರಲ್ಲಿ, ವಿಂಡೋಸ್ ೧೧ರ ಯಂತ್ರಗಳಲ್ಲಿ, ಪದರಗಳೂ ಹಿನ್ನೆಲೆಯನ್ನು ತೆಗೆದುಹಾಕುವ ಸೌಕರ್ಯವೂ ಬಂದಿವೆ. ಕತ್ತರಿಸುವುದಕ್ಕೂ ಗಾತ್ರ ಇಳಿಸುವುದಕ್ಕೂ ಇದಕ್ಕಿಂತ ಸುಲಭವಾದುದು ಬೇರೆ ಬೇಕಿಲ್ಲ. ಅದರ ದೋಷವೆಂದರೆ, ಬರೆದ ಅಕ್ಷರದ ಹೊರಗೆ ಒಮ್ಮೆ ಕ್ಲಿಕ್ ಮಾಡಿದೊಡನೆ ಅಕ್ಷರ ಚಿತ್ರದಲ್ಲಿ ಬೆರೆತುಹೋಗುತ್ತದೆ. ಕಾಗುಣಿತದ ತಪ್ಪು ಕಂಡರೆ ಮೊದಲಿನಿಂದ ಬರೆಯಬೇಕು.

ಆ ತೊಡಕಿಲ್ಲದುದು ಗಿಂಪ್. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ೧೯೯೫ರಲ್ಲಿ ಇದನ್ನು ಆರಂಭಿಸಿದರು. ಅಂದಿನಿಂದ ಇಂದಿನವರೆಗೂ ಸ್ವಯಂಸೇವಕರು ಇದನ್ನು ಬೆಳೆಸಿಕೊಂಡು ಬಂದಿದ್ದಾರೆ. ೨೦೨೫ರಲ್ಲಿ ಮೂರನೆಯ ಮುಖ್ಯ ಆವೃತ್ತಿ ಹೊರಬಂತು. ಬೆಲೆಯಿಲ್ಲ, ಚಂದಾ ಇಲ್ಲ, ಜಾಹೀರಾತು ಇಲ್ಲ. ಕನ್ನಡದ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ಚಿತ್ರ ಒಂದು ಪದರದಲ್ಲಿ, ಅಕ್ಷರ ಇನ್ನೊಂದು ಪದರದಲ್ಲಿ ಉಳಿಯುವುದರಿಂದ ‘ಇಡ್ಲಿ’ಯನ್ನು ‘ವಡೆ’ಯೆಂದು ತಿದ್ದುವುದಕ್ಕೆ ಒಂದು ನಿಮಿಷ ಸಾಕು. ಇದು ಕಠಿಣವೆಂಬ ಅಪವಾದವುಂಟು; ಅದು ಪೂರ್ತಿ ಸುಳ್ಳೂ ಅಲ್ಲ. ಗುಂಡಿಗಳ ಗುಂಪನ್ನು ಕಂಡು ಹೊಸಬರು ಬೆದರುತ್ತಾರೆ. ಹೆಚ್ಚಿನವರು ಮುಗ್ಗರಿಸುವುದು ಒಂದೇ ಕಡೆ: ೨೦೧೨ರ ಆವೃತ್ತಿಯಿಂದ ಈಚೆಗೆ ‘ಸೇವ್’ ಎಂದರೆ ಗಿಂಪಿನ ಸ್ವಂತ ರೂಪದಲ್ಲಿ ಪದರಗಳ ಸಹಿತ ಉಳಿಸುವುದೆಂದೂ, ಜಾಲಪುಟಕ್ಕೆ ಬೇಕಾದ ಚಿತ್ರವನ್ನು ಪಡೆಯಲು ‘ಎಕ್ಸ್‌ಪೋರ್ಟ್’ ಎಂಬುದನ್ನು ಆರಿಸಬೇಕೆಂದೂ ಏರ್ಪಟ್ಟಿದೆ. ಇದೊಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧಕ್ಕೆ ನಾಲ್ಕು ಸಂಜೆಗಳ ಅಭ್ಯಾಸ ಸಾಕೆಂಬುದು ನಮ್ಮ ಅನುಭವ.

ಯಂತ್ರದಲ್ಲಿ ಏನನ್ನೂ ಹಾಕಲು ಅಪ್ಪಣೆಯಿಲ್ಲದವರಿಗೆ ಫೋಟೋಪಿಯ ಎಂಬುದು ಉಪಯೋಗಕ್ಕೆ ಬರಬಹುದು. ಇವಾನ್ ಕುಟ್ಸ್‌ಕಿರ್ ಎಂಬ ಒಬ್ಬರೇ ತರುಣರು ೨೦೧೩ರಲ್ಲಿ ಹೊರತಂದ ಇದು ಬ್ರೌಸರಿನೊಳಗೇ ನಡೆಯುತ್ತದೆ. ಚಿತ್ರ ನಮ್ಮ ಯಂತ್ರವನ್ನು ಬಿಟ್ಟು ಹೋಗುವುದಿಲ್ಲ. ಫೋಟೋಶಾಪಿನ ಕಡತಗಳನ್ನೂ ತೆರೆಯುತ್ತದೆ. ಜಾಹೀರಾತುಗಳನ್ನು ಸಹಿಸಿಕೊಳ್ಳಬೇಕು. (ಕಚೇರಿಯ ಯಂತ್ರದಲ್ಲಿ, ಕಚೇರಿಯ ಹೊತ್ತಿನಲ್ಲಿ, ಸಂಘದ ಕರೆಯೋಲೆಯನ್ನು ಬಿಡಿಸಿರೆಂದು ನಾವು ಹೇಳುತ್ತಿಲ್ಲ, ಗುಮಾಸ್ತ ಬಂಧುಗಳು ಗಮನಿಸಬೇಕು.) ಆಸ್ಟ್ರೇಲಿಯದಲ್ಲಿ ೨೦೧೩ರಲ್ಲಿಯೇ ಆರಂಭವಾದ ಕ್ಯಾನ್ವಾ ಇಂದು ಎಲ್ಲರ ಬಾಯಲ್ಲಿರುವ ಹೆಸರು. ಸಿದ್ಧ ಮಾದರಿಗಳಲ್ಲಿ ನಮ್ಮ ಮಾತುಗಳನ್ನು ತುಂಬುವುದಷ್ಟೇ ಕೆಲಸವಾದುದರಿಂದ ಆತುರದವರಿಗೆ ಅದೇ ಅತಿ ಸುಲಭ. ಕೆಲವು ಚಿತ್ರಗಳಿಗೆ ಹಣ ಕೇಳುತ್ತದೆ. ನಮ್ಮ ಕೆಲಸವೆಲ್ಲ ಅವರ ಉಗ್ರಾಣದಲ್ಲಿರುತ್ತದೆ. ಹತ್ತು ಸಂಘಗಳ ಕರೆಯೋಲೆಗಳು ಒಂದೇ ತಾಯಿಯ ಮಕ್ಕಳಂತೆ ಕಾಣುವುದು ಮಾತ್ರ ನಮಗೆ ಹಿಡಿಸದು. ಮೊಬೈಲಿನಲ್ಲಿಯೇ ಬೆಳಕು ತಿದ್ದಿ ನೆಟ್ಟಗೆ ಮಾಡಿಕೊಳ್ಳುವವರಿಗೆ ಗೂಗಲ್ಲಿನ ಸ್ನ್ಯಾಪ್‌ಸೀಡ್ ಉಚಿತವಾಗಿ ದೊರೆಯುತ್ತದೆ. ಹೋಟೆಲಿನ ಲಾಂಛನದಂತಹ ಗೆರೆಯ ಕೆಲಸಕ್ಕೆ ೨೦೦೩ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್. ಅದರಲ್ಲಿ ಬಿಡಿಸಿದ್ದು ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ.

ಒಂದು ಮಾತು. ಉಚಿತವೆಂದೋ ಸುಲಭವೆಂದೋ ನಂಬಿ ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಇಡಬಾರದು. ಜಾಲಚಿತ್ರಗಳಿಗಾಗಿಯೇ ೧೯೯೮ರಲ್ಲಿ ಹೊರಬಂದು ಬಹುಜನಪ್ರಿಯವಾಗಿದ್ದ ಫೈರ್‌ವರ್ಕ್ಸ್ ಎಂಬ ತಂತ್ರಾಂಶವನ್ನು ಬೆಳೆಸುವುದನ್ನು ಅದರ ಒಡೆಯರು ೨೦೧೩ರಲ್ಲಿ ನಿಲ್ಲಿಸಿದರು. ಗೂಗಲ್ಲಿನ ಪಿಕಾಸಾ ೨೦೧೬ರಲ್ಲಿ ಮುಚ್ಚಿತು. ಆದುದರಿಂದ ಮೂಲ ಫೋಟೋವನ್ನು ಯಾವ ತಂತ್ರಾಂಶಕ್ಕೂ ಒಪ್ಪಿಸದೆ ಬೇರೆಯಾಗಿ ಕಾದಿರಿಸತಕ್ಕದ್ದು.

ಗಾತ್ರ ಮತ್ತು ರೂಪ

ಇಂದಿನ ಸಾಧಾರಣ ಮೊಬೈಲು ತೆಗೆದ ಫೋಟೋ ೪೦೦೦ ಬಿಂದು ಅಗಲ, ೩೦೦೦ ಬಿಂದು ಎತ್ತರ ಇರುವುದುಂಟು. ಅಂದರೆ ಒಟ್ಟು ೧ ಕೋಟಿ ೨೦ ಲಕ್ಷ ಬಿಂದುಗಳು. ಅದನ್ನು ಹಾಗೆಯೇ ಜಾಲಪುಟಕ್ಕೆ ಏರಿಸಿದರೆ, ಲೋಕಲ್ ಗಾಡಿಯಲ್ಲಿ ಕಂಬಿ ಹಿಡಿದು ನಿಂತು ಮೊಬೈಲು ನೋಡುವ ಗಿರಾಕಿಗೆ ಮಸಾಲೆದೋಸೆ ಕಾಣಿಸಿಕೊಳ್ಳುವಷ್ಟರಲ್ಲಿ ಅವರ ನಿಲ್ದಾಣ ಬಂದಿರುತ್ತದೆ. ಅದೇ ಚಿತ್ರವನ್ನು ೧೨೦೦ಕ್ಕೆ ೯೦೦ ಬಿಂದುಗಳಿಗೆ ಇಳಿಸಿದರೆ ೧೦,೮೦,೦೦೦ ಬಿಂದುಗಳಾಗುತ್ತವೆ. ಹೊರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. ಮೊಬೈಲಿನ ಪರದೆಗೆ ಅದು ಧಾರಾಳವಾಗಿ ಸಾಕು.

ಅಚ್ಚಿನ ಲೆಕ್ಕ ಬೇರೆ. ಅಚ್ಚುಮನೆಯವರು ಅಂಗುಲಕ್ಕೆ ೩೦೦ ಬಿಂದುಗಳನ್ನು ಕೇಳುತ್ತಾರೆ. ವಾಟ್ಸಾಪಿಗಾಗಿ ೧೦೮೦ ಬಿಂದು ಅಗಲಕ್ಕೆ ಮಾಡಿದ ಕರೆಯೋಲೆಯನ್ನು ಅವರಿಗೆ ಕೊಟ್ಟರೆ ೩.೬ ಅಂಗುಲ ಮಾತ್ರ ಸ್ಫುಟವಾಗಿ ಬರುತ್ತದೆ; ಅದನ್ನು ಹಿಗ್ಗಿಸಿ ಭಿತ್ತಿಪತ್ರ ಮಾಡಿದರೆ ಅತಿಥಿಗಳ ಮುಖ ಗುರುತು ಸಿಗುವುದಿಲ್ಲ. ಎರಡೂ ಬೇಕಾಗಿದ್ದರೆ ಮೊದಲು ದೊಡ್ಡದನ್ನು ಮಾಡಿ ಅದರಿಂದ ಚಿಕ್ಕದನ್ನು ಇಳಿಸಬೇಕು; ಚಿಕ್ಕದರಿಂದ ದೊಡ್ಡದು ಎಂದೂ ಆಗದು.

ಇನ್ನು ಕಡತದ ರೂಪ. ೧೯೯೨ರಲ್ಲಿ ಮಾನಕವಾದ ಜೆಪೆಗ್ ಫೋಟೋಗಳಿಗಾಗಿ ಹುಟ್ಟಿದುದು. ಅದು ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಕಣ್ಣು ಹೆಚ್ಚಾಗಿ ಗುರುತಿಸದ ಸೂಕ್ಷ್ಮ ವ್ಯತ್ಯಾಸಗಳನ್ನು ಬಿಟ್ಟುಬಿಡುತ್ತದೆ; ಹೀಗೆ ಕಡತ ಚಿಕ್ಕದಾಗುತ್ತದೆ. ತಟ್ಟೆಯಲ್ಲಿನ ದೋಸೆಗೆ ಇದರಿಂದ ಕೊರತೆಯಿಲ್ಲ. ಬಿಳಿಯ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರಗಳ ಅಂಚಿಗೆ ಮಾತ್ರ ಧೂಳು ಹಿಡಿದಂತಾಗುತ್ತದೆ, ಕನ್ನಡದ ಸಣ್ಣ ಒತ್ತುಗಳಲ್ಲಿ ವಿಶೇಷವಾಗಿ. ತಿದ್ದಿ ಉಳಿಸಿದ ಪ್ರತಿ ಸಲವೂ ಇನ್ನಷ್ಟು ಸವೆಯುತ್ತದೆ. ೧೯೯೬ರ ಪಿಎನ್‌ಜಿ ಹಾಗಲ್ಲ. ಏನನ್ನೂ ಬಿಡದೆ ಇದ್ದುದನ್ನು ಇದ್ದಂತೆಯೇ ಮಡಿಸಿಡುತ್ತದೆ. ಲಾಂಛನ, ಪ್ರಕಟನೆ, ತಿಂಡಿಗಳ ಪಟ್ಟಿ ಇವುಗಳಿಗೆ ಅದು ಯೋಗ್ಯ; ಫೋಟೋಗಳಿಗೆ ಭಾರವಾಗುತ್ತದೆ. ಗೂಗಲ್ ೨೦೧೦ರಲ್ಲಿ ತಂದ ವೆಬ್‌ಪಿ ಎರಡು ಕೆಲಸವನ್ನೂ ಮಾಡುತ್ತದೆ, ಇಂದಿನ ಮುಖ್ಯ ಬ್ರೌಸರುಗಳೆಲ್ಲವೂ ಅದನ್ನು ತೆರೆಯುತ್ತವೆ. ವಾಟ್ಸಾಪಿನಲ್ಲಿ ಚಿತ್ರವೆಂದು ಕಳುಹಿಸಿದರೆ ಅದು ತಾನಾಗಿಯೇ ಕುಗ್ಗಿಸುತ್ತದೆ. ಅಚ್ಚುಮನೆಗೆ ಕಳುಹಿಸುವಾಗ ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಹಾಗಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಚಿತ್ರದೊಳಗೆ ಬರೆದ ಅಕ್ಷರ ಯಂತ್ರದ ಪಾಲಿಗೆ ಚಿತ್ರವೇ ಎಂಬುದನ್ನು ಮರೆಯಬಾರದು. ಕಣ್ಣು ಕಾಣದವರ ಮೊಬೈಲು ಪುಟವನ್ನು ಓದಿ ಹೇಳುವಾಗ ಆ ಅಕ್ಷರಗಳು ಅವರಿಗೆ ಮುಟ್ಟದೆ ಹೋಗಬಹುದು. ಹುಡುಕುವವರಿಗೂ ಹೋಟೆಲಿನ ಹೆಸರು ಸಿಗದಿರಬಹುದು. ಹೆಸರು, ವಿಳಾಸ, ಹೊತ್ತು, ಬೆಲೆ ಇವು ಪುಟದ ಪಠ್ಯದಲ್ಲಿಯೂ ಇರಲೇಬೇಕು.

ನಮ್ಮ ತರುಣರು ಧಣಿಗಳಿಂದ ಹದಿನೈದು ದಿನಗಳ ಅವಕಾಶ ಕೇಳಿಕೊಂಡರು. ಬಿಲ್ಲಿನ ಯಂತ್ರವನ್ನು ಮುಟ್ಟದೆ, ಕೋಣೆಯ ಜೊತೆಗಾರರೊಬ್ಬರ ಹಳೆಯ ಲ್ಯಾಪ್‌ಟಾಪಿನಲ್ಲಿ ಗಿಂಪನ್ನು ಹಾಕಿಕೊಂಡರು. ಬೆಳಗಿನ ಜನಸಂದಣಿ ಇಳಿದ ಮೇಲೆ, ಕಿಟಕಿಯ ಬಳಿಯ ಮೇಜಿನ ಮೇಲೆ ತಟ್ಟೆಗಳನ್ನಿರಿಸಿ, ದೀಪವಿಲ್ಲದೆ ಹಗಲಿನ ಬೆಳಕಿನಲ್ಲಿಯೇ ಫೋಟೋ ತೆಗೆದರು. ಮೊದಲಿನ ಎರಡು ಚಿತ್ರಗಳು ಹಾಳಾದವು. ಮೂರನೆಯದರಲ್ಲಿ ‘ಉಪ್ಪಿಟ್ಟು’ ಇಡಿಯಾಗಿ ನಿಂತಿತು. ಒಟ್ಟು ಹದಿನಾಲ್ಕು ಚಿತ್ರಗಳನ್ನು ಮುಗಿಸಿದರು. ಬೆಲೆಗಳನ್ನು ಚಿತ್ರಗಳೊಳಗೆ ಬರೆಯದೆ ಕೆಳಗೆ ಪಠ್ಯದಲ್ಲಿ ಇರಿಸಿರೆಂದು ನಾವು ಹೇಳಿದ್ದನ್ನು ಅವರು ಒಪ್ಪಿದ್ದು ಅರೆಮನಸ್ಸಿನಿಂದಲೇ. ಚಿತ್ರಗಳು ಏರಿದ ಮುಂದಿನ ವಾರ ಧಣಿಗಳು ಕಾಫಿಯ ಬೆಲೆಯನ್ನು ಹೆಚ್ಚಿಸಿದರು. ಗಲ್ಲಾದ ಮೇಲೆ ಕುಳಿತಿದ್ದ ಹಾಗೆಯೇ, ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ಇನ್ನೊಬ್ಬರು ಬರುವುದರೊಳಗಾಗಿ, ಆ ಒಂದು ಅಂಕಿಯನ್ನು ತಿದ್ದಿದರಂತೆ.